ಅತ್ತೆಯ ಕ್ಲಿನಿಕ್‌ನವರು ಹೊಸ ಕೋವಿಡ್ ಲಸಿಕೆ ಇಡುವ ಹಾಗೆ ಮಾಡುವುದು ಹೇಗೆ?

ಸನ್ನಿವೇಲ್_ಸೊಸೆ:
ಅತ್ತೆಗೆ 71, ಶುಗರ್ ಇದೆ, ಮೆಡಿಕೇರ್ (ಇಲ್ಲಿ ಅಮೆರಿಕದಲ್ಲಿ ಹಿರಿಯರಿಗೆ ಇರುವ ಸರ್ಕಾರಿ ವಿಮೆ) ಕೂಡ ಇದೆ. ಹೋಗುವುದು ಇಲ್ಲೇ ಹತ್ತಿರದ ಒಂದು ಸಣ್ಣ ಕ್ಲಿನಿಕ್‌ಗೆ. ಡಾಕ್ಟರ್ ಕನ್ನಡ ಮಾತಾಡುತ್ತಾರೆ, ಹಾಗಾಗಿ ಈ ಕಡೆ ಇರುವ ನಮ್ಮ ಊರಿನ ಹಿರಿಯರು ಎಷ್ಟೋ ಜನ ಅಲ್ಲಿಗೇ ಹೋಗುತ್ತಾರೆ. ಮೊನ್ನೆ ಫ್ಲೂ ಲಸಿಕೆ ಹಾಕಿ ಕಳಿಸಿದರು, ಕೋವಿಡ್ ಬಗ್ಗೆ ಒಂದು ಮಾತೂ ಇಲ್ಲ. ನಾನೇ ಕೇಳಿದ್ದಕ್ಕೆ ಫ್ರಂಟ್ ಡೆಸ್ಕ್‌ನವರು "ನಾವು ಇಟ್ಟುಕೊಳ್ಳಲ್ಲ, ಫಾರ್ಮಸಿಗೆ ಹೋಗಿ" ಅಂದರು. ನಾನೇನೋ ಕರೆದುಕೊಂಡು ಹೋಗುತ್ತೇನೆ, ಅತ್ತೆ ಬರಬೇಕಲ್ಲ! "ಬೇಕಾಗಿದ್ದರೆ ಡಾಕ್ಟರೇ ಹೇಳುತ್ತಿರಲಿಲ್ವಾ?" ಅನ್ನುತ್ತಾರೆ. ಅವರ ಸ್ನೇಹಿತೆಯರದ್ದೂ ಇದೇ ಮಾತು. ಕ್ಲಿನಿಕ್‌ನವರೇ ಕೊಡುವ ಹಾಗೆ ಮಾಡಲು ಯಾರಾದರೂ ಪ್ರಯತ್ನ ಮಾಡಿದ್ದೀರಾ?

ಮಾತ್ರೆ_ಮಂಜ:
ನಾನು ಇಲ್ಲೇ ಕ್ಯಾಲಿಫೋರ್ನಿಯಾದಲ್ಲಿ ಫಾರ್ಮಸಿಸ್ಟ್. ಡಾಕ್ಟರಿಗೆ ಬೇಡ ಅಂತ ಅಲ್ಲ ಮೇಡಂ, ಮುಕ್ಕಾಲು ಪಾಲು ದುಡ್ಡಿನ ವಿಷಯ. 2023ರ ಬೇಸಿಗೆವರೆಗೂ ಲಸಿಕೆಯನ್ನು ಸರ್ಕಾರವೇ ಕೊಂಡು ಹಂಚುತ್ತಿತ್ತು. ಆ ಸೆಪ್ಟೆಂಬರ್‌ನಿಂದ ಕ್ಲಿನಿಕ್ ತನ್ನ ಕೈಯಿಂದ ದುಡ್ಡು ಹಾಕಿ ತರಿಸಬೇಕು, ಒಂದು ಡೋಸ್‌ಗೆ ನೂರು ಡಾಲರ್ ದಾಟುತ್ತದೆ, ಉಳಿದರೆ ಮುಂದಿನ ವರ್ಷಕ್ಕೆ ಎತ್ತಿಡುವ ಹಾಗೂ ಇಲ್ಲ. ವೈರಸ್ ತಳಿ ಬದಲಾದಂತೆ ಲಸಿಕೆಯೂ ಬದಲಾಗುತ್ತದೆ. 2023ರಲ್ಲಿ ಎಕ್ಸ್‌ಬಿಬಿ.1.5 ತಳಿಗೆ ಮಾಡಿದ್ದರು, 2025ರದ್ದು ಎಲ್‌ಪಿ.8.1ಗೆ.

ಅದರ ಮೇಲೆ 2025ರ ಗೊಂದಲ. ಜೂನ್‌ನಲ್ಲಿ ಆರೋಗ್ಯ ಸಚಿವ ಕೆನಡಿಯವರು ಸಿಡಿಸಿಯ (ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ) ಲಸಿಕೆ ಸಲಹಾ ಸಮಿತಿಯ 17 ಜನರನ್ನೂ ಒಟ್ಟಿಗೆ ತೆಗೆದುಹಾಕಿದರು. ಆಗಸ್ಟ್ 27ಕ್ಕೆ ಔಷಧಿ, ಲಸಿಕೆಗಳಿಗೆ ಅನುಮತಿ ಕೊಡುವ ಸಂಸ್ಥೆ ಎಫ್‌ಡಿಎ, 65 ದಾಟಿದವರಿಗೆ ಮತ್ತು ಕಾಯಿಲೆಯ ಅಪಾಯ ಜಾಸ್ತಿ ಇರುವ ಕಿರಿಯರಿಗೆ ಮಾತ್ರ ಅನುಮತಿ ಕೊಟ್ಟಿತು. ಹೊಸ ಸಮಿತಿ ಬಂದು "ಡಾಕ್ಟರ್ ಹತ್ತಿರ ಮಾತಾಡಿ ಅವರವರೇ ನಿರ್ಧಾರ ಮಾಡಲಿ" ಅಂದಿತು. ಇಷ್ಟಾದ ಮೇಲೆ ಸಣ್ಣ ಕ್ಲಿನಿಕ್‌ನವರು ಸುಮ್ನೆ ಯಾಕೆ ತಲೆನೋವು ಅಂತ ಕೈಬಿಟ್ಟಿರುತ್ತಾರೆ. ನಿಮ್ಮ ಅತ್ತೆಯ ಮಟ್ಟಿಗೆ ಗೊಂದಲ ಏನೂ ಇಲ್ಲ. ವಯಸ್ಸೂ ಇದೆ, ಶುಗರೂ ಇದೆ. ನಮ್ಮ ರಾಜ್ಯ ಒರೆಗಾನ್, ವಾಷಿಂಗ್ಟನ್, ಹವಾಯಿ ಜೊತೆ ಸೇರಿ ಬೇರೆಯೇ ಶಿಫಾರಸು ಮಾಡಿದೆ, ಅದರಲ್ಲೂ 65 ದಾಟಿದ ಎಲ್ಲರೂ ಇದ್ದಾರೆ.

ಜಯನಗರ_4ನೇ_ಬ್ಲಾಕ್:
ಪ್ರತಿ ವರ್ಷ ಚುಚ್ಚಿಸಿಕೊಳ್ಳುವುದು ಬೇಕಾ ನಿಜವಾಗಲೂ? ನಮ್ಮಪ್ಪ 2022ರಲ್ಲಿ ಪ್ರಿಕಾಷನ್ ಡೋಸ್ ಹಾಕಿಸಿಕೊಂಡರು, ಅದಾದ ಮೇಲೆ ಏನೂ ಇಲ್ಲ, ಬೆಳಗ್ಗೆ ಎದ್ದು ಲಾಲ್‌ಬಾಗ್ ಸುತ್ತುತ್ತಾರೆ. ಅಮೆರಿಕದವರಿಗೆ ಎಲ್ಲಕ್ಕೂ ಒಂದು ಇಂಜೆಕ್ಷನ್.

ನೈಟ್‌ಶಿಫ್ಟ್_ನಳಿನಿ:
ನಿಮ್ಮಪ್ಪ ಚೆನ್ನಾಗಿರಲಿ ಸರ್. 25 ವರ್ಷದ ಆರೋಗ್ಯವಂತ ಹುಡುಗನಿಗೆ ಪ್ರತಿ ವರ್ಷ ಬೇಕಾ ಅಂದರೆ ನಾನೂ ಯೋಚನೆ ಮಾಡುತ್ತೇನೆ. ಆ ವಯಸ್ಸಿನ ಹುಡುಗರಲ್ಲಿ ಫೈಜರ್, ಮಾಡರ್ನಾ ತರಹದ ಎಂಆರ್‌ಎನ್‌ಎ ಲಸಿಕೆಯಿಂದ ಹೃದಯದ ಸ್ನಾಯು ಉರಿಯೂತ ಬಂದದ್ದಿದೆ, ಅಪರೂಪ, ಆದರೆ ಸುಳ್ಳಲ್ಲ. 71 ವರ್ಷ ಮತ್ತು ಶುಗರ್ ಅಂದರೆ ಲೆಕ್ಕವೇ ಬೇರೆ. ಲಸಿಕೆಯ ಬಲ ಕೆಲವು ತಿಂಗಳಲ್ಲಿ ಇಳಿಯುತ್ತದೆ, ಆಸ್ಪತ್ರೆ ಸೇರುವವರಲ್ಲಿ ವಯಸ್ಸಾದವರೇ ಜಾಸ್ತಿ. ವಾರ್ಡ್‌ನಲ್ಲಿ ಕೆಲಸ ಮಾಡುವವಳು ನಾನು, ನೋಡುತ್ತಲೇ ಇರುತ್ತೇನೆ.

ಈಗ ಸೊಸೆಯವರಿಗೆ. ಫ್ರಂಟ್ ಡೆಸ್ಕ್‌ನಲ್ಲಿ ಕೇಳಿದರೆ ಆ ಮಾತು ಅಲ್ಲೇ ಸಾಯುತ್ತದೆ. ಪೋರ್ಟಲ್‌ನಲ್ಲಿ (ಕ್ಲಿನಿಕ್‌ನ ಆನ್‌ಲೈನ್ ಖಾತೆಯಲ್ಲಿ) ಡಾಕ್ಟರಿಗೇ ಬರೆಯಿರಿ, ಅದು ದಾಖಲೆಯಲ್ಲಿ ಉಳಿಯುತ್ತದೆ. "ಯಾಕೆ ಇಟ್ಟಿಲ್ಲ" ಅಂತ ಶುರು ಮಾಡಬೇಡಿ, ಯಾರಿಗಾದರೂ ಸಿಟ್ಟು ಬರುತ್ತದೆ. ಇಷ್ಟು ಜನ ಹಿರಿಯರು ನಿಮ್ಮ ಹತ್ತಿರವೇ ಹಾಕಿಸಿಕೊಳ್ಳಲು ತಯಾರಿದ್ದಾರೆ ಅಂತ ಲೆಕ್ಕ ಕೊಡಿ. ಡೋಸ್ ಉಳಿದುಬಿಡುತ್ತದೆ ಅನ್ನುವುದೇ ಅವರ ಭಯ, ತಲೆ ಎಣಿಸಿ ಕೊಟ್ಟರೆ ಅದು ಹೋಗುತ್ತದೆ. ಪ್ರತಿ ಸಲ ಡಾಕ್ಟರ್ ಬರೆದುಕೊಡಬೇಕಾಗಿಲ್ಲ, ಒಂದು ಸ್ಟ್ಯಾಂಡಿಂಗ್ ಆರ್ಡರ್ (ಎಲ್ಲರಿಗೂ ಅನ್ವಯಿಸುವ ಹಾಗೆ ಡಾಕ್ಟರ್ ಮೊದಲೇ ಬರೆದಿಟ್ಟ ಆದೇಶ) ಇದ್ದರೆ ನರ್ಸೇ ಫ್ಲೂ ಜೊತೆಗೆ ಅದೇ ದಿನ ಇನ್ನೊಂದು ತೋಳಿಗೆ ಹಾಕಿ ಕಳಿಸಬಹುದು.

ಅವರು ಇಡಲು ಆಗುವುದೇ ಇಲ್ಲ ಅಂದರೂ ಒಂದು ಕೆಲಸ ಮಾಡಲಿ: ಬಾಯಿಬಿಟ್ಟು ಹೇಳಲಿ. "ಬೇಕಾದರೆ ಹಾಕಿಸಿಕೊಳ್ಳಿ" ಅಂತಲ್ಲ, "ಅಮ್ಮಾ, ಈ ವರ್ಷದ ಕೋವಿಡ್ ಲಸಿಕೆ ನಿಮಗೆ ಆಗಬೇಕು, ಪಕ್ಕದ ಫಾರ್ಮಸಿಯಲ್ಲಿ ಇದೆ" ಅಂತ. ಅತ್ತೆಗೆ ನಾವು ನೂರು ಸಲ ಹೇಳಿದ್ದಕ್ಕಿಂತ ಅದು ಜಾಸ್ತಿ ನಾಟುತ್ತದೆ.

ಸನ್ನಿವೇಲ್_ಸೊಸೆ:
ನಳಿನಿಯವರೇ, ನೂರು ಸಲ ಅಂದಿರಲ್ಲ, ಅದಂತೂ ನಿಜ! ಇಲ್ಲಿ ಹಿರಿಯರು ಶನಿವಾರ ಭಜನೆಗೆ ಸೇರುತ್ತಾರೆ, ಅಲ್ಲೇ ಹೆಸರು ಬರೆಸಿಕೊಳ್ಳುತ್ತೇನೆ. ಕೆಲವರು ಮಕ್ಕಳನ್ನು ನೋಡಲು ವಿಸಿಟರ್ ವೀಸಾದಲ್ಲಿ ಬಂದವರೂ ಇದ್ದಾರೆ, ಅವರನ್ನೂ ಸೇರಿಸಬಹುದಾ?

ಮಾತ್ರೆ_ಮಂಜ:
ಸೇರಿಸಿ, ಆದರೆ ಬೇರೆ ಪಟ್ಟಿ ಮಾಡಿ. ವಿಸಿಟರ್ ಇನ್ಶೂರೆನ್ಸ್‌ನಲ್ಲಿ ಸಾಮಾನ್ಯವಾಗಿ ಲಸಿಕೆಗೆ ಕವರ್ ಇರುವುದಿಲ್ಲ, ಕೈಯಿಂದ ಕಟ್ಟಬೇಕು, ಮೊದಲೇ ಹೇಳಿಬಿಡಿ. ಮೆಡಿಕೇರ್ ಇರುವವರ ಹೆಸರಿನ ಮುಂದೆ ಪಾರ್ಟ್ ಬಿ (ಡಾಕ್ಟರ್, ಕ್ಲಿನಿಕ್ ಖರ್ಚು ನೋಡಿಕೊಳ್ಳುವ ಭಾಗ) ಇದೆಯಾ ಅಂತ ಗುರುತು ಹಾಕಿ. ಕ್ಲಿನಿಕ್‌ನವರು ಸರ್ಪಸುತ್ತಿನ ಲಸಿಕೆ ಬಿಲ್ಲಿಂಗ್‌ನಲ್ಲಿ ಒದ್ದಾಡಿರುತ್ತಾರೆ, ಅದು ಪಾರ್ಟ್ ಡಿ, ಅಂದರೆ ಮೆಡಿಕೇರ್‌ನ ಔಷಧಿ ವಿಮೆಯ ಭಾಗ. ಕೋವಿಡ್ ಹಾಗಲ್ಲ, ಫ್ಲೂ ತರಹವೇ ಪಾರ್ಟ್ ಬಿ, ಅವರೇ ನೇರವಾಗಿ ಬಿಲ್ ಹಾಕಬಹುದು, ಅತ್ತೆಯವರಿಗೂ ಒಂದು ಪೈಸೆ ಖರ್ಚಿಲ್ಲ. ಉಳಿದ ಡೋಸ್ ವಾಪಸ್ ತೆಗೆದುಕೊಳ್ಳುವ ಷರತ್ತು ಏನು ಅಂತ ಲಸಿಕೆ ಕಂಪನಿಯವರನ್ನು ಕೇಳಲು ಹೇಳಿ. ಈ ಸಲ ಆಗಲಿಲ್ಲ ಅಂದರೆ ಮುಂದಿನ ವರ್ಷ ಬೇಸಿಗೆಯಲ್ಲೇ ಪಟ್ಟಿ ಹಿಡಿದು ಹೋಗಿ, ಆರ್ಡರ್ ಹಾಕುವುದಕ್ಕೆ ಮುಂಚೆ.