ಸಹಾಯ ಬೇಕು: ದೊಡ್ಡ ಸೌರ ದೂರದರ್ಶಕಕ್ಕೆ ಮಸೂರವೋ, ಕನ್ನಡಿಯೋ?

ಎಲ್ಲರಿಗೂ ನಮಸ್ಕಾರ. ಸೂರ್ಯನನ್ನು ನೋಡುವ ದೊಡ್ಡ ದೂರದರ್ಶಕಗಳ ಬಗ್ಗೆ ವಿದ್ಯಾರ್ಥಿಗಳಿಗೆ ಒಂದು ಪಾಠ ಬರೆಯುತ್ತಿದ್ದೇನೆ. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಸ್ಪೇನಿನ ಲಾ ಪಾಲ್ಮಾ ದ್ವೀಪದ ಸ್ವೀಡಿಷ್ ಸೌರ ದೂರದರ್ಶಕದಲ್ಲಿ ಸುಮಾರು 1 ಮೀಟರ್ ಅಗಲದ ಒಂದೇ ಮಸೂರ ಇದೆ. ನಿರ್ವಾತ ಕೊಳವೆಯ ಬಾಯಿ ಮುಚ್ಚುವುದೂ ಅದೇ. ಒಳಗೆ ಗಾಳಿಯೇ ಇಲ್ಲದ ಮೇಲೆ ಬಿಸಿಗಾಳಿ ಎದ್ದು ಚಿತ್ರ ಅಲುಗಾಡುವುದಿಲ್ಲ. ಎಷ್ಟು ಚೆಂದದ ಉಪಾಯ ಅಲ್ವಾ! ಒಂದೇ ಮಸೂರದಲ್ಲಿ ಬೇರೆ ಬೇರೆ ಬಣ್ಣ ಬೇರೆ ಬೇರೆ ಜಾಗದಲ್ಲಿ ಕೂಡುತ್ತದೆ. ಅದನ್ನು ಮುಂದೆ ಇನ್ನೊಂದು ಜೋಡಣೆಯಿಂದ ಸರಿಪಡಿಸುತ್ತಾರೆ.

ಹವಾಯಿಯ ಇನೊಯೆ ದೂರದರ್ಶಕದಲ್ಲಿ ಮಾತ್ರ 4 ಮೀಟರ್ ಕನ್ನಡಿ. ಅಷ್ಟು ದೊಡ್ಡ ಮಸೂರವನ್ನು ಅಂಚಿನಲ್ಲಷ್ಟೇ ಹಿಡಿದರೆ ತನ್ನ ಭಾರಕ್ಕೇ ಬಾಗುತ್ತದೆ. ಕನ್ನಡಿಗಾದರೆ ಹಿಂದಿನಿಂದ ಆಸರೆ ಕೊಡಬಹುದು. ಇಷ್ಟು ಅರ್ಥವಾಗಿದೆ. ಆದರೆ ಆ ಕನ್ನಡಿ ಸುಮಾರು 13 ಕಿಲೋವ್ಯಾಟ್ ಬಿಸಿಲನ್ನು ಒಟ್ಟುಗೂಡಿಸುತ್ತದೆ. ಅದಕ್ಕೇ ತಂಪು ಮಾಡುವ ವ್ಯವಸ್ಥೆ ಜಾಸ್ತಿ ಬೇಕು.

ನನ್ನ ಪ್ರಶ್ನೆ ನಡುವಿನ ಗಾತ್ರದ್ದು. ಸ್ಪೇನಿನದೇ ಟೆನೆರಿಫೆ ದ್ವೀಪದ ಗ್ರೆಗರ್ ಸೌರ ದೂರದರ್ಶಕ 1.5 ಮೀಟರ್‌ನದು. ಅಲ್ಲಿ ನಿರ್ವಾತ ಬಿಟ್ಟು ತೆರೆದ ಕನ್ನಡಿ ಆರಿಸಿದ್ದಾರೆ. 1ರಿಂದ 1.5 ಮೀಟರ್‌ಗೆ ಹೋಗುವಷ್ಟರಲ್ಲಿ ಮಸೂರವನ್ನು ನಿಜವಾಗಿ ತಡೆಯುವುದು ಏನು? ಹೊರಗಿನ ಗಾಳಿಯ ಒತ್ತಡವೇ? ಗಾಜು ಬಿಸಿಯಾಗಿ ಆಕಾರ ಕೆಡುವುದೇ? ಅಥವಾ ಅವಕೆಂಪು ಬೆಳಕು ಗಾಜಿನಲ್ಲಿ ಸರಿಯಾಗಿ ಹಾಯದಿರುವುದೇ? ನನಗೆ ಒತ್ತಡವೇ ದೊಡ್ಡ ಕಾರಣ ಅನಿಸುತ್ತದೆ, ಯಾಕೆಂದರೆ 1 ಮೀಟರ್ ಗಾಜಿನ ಮೇಲೇ ಅದು ಹಲವು ಟನ್ ಆಗುತ್ತದೆ.

ದೃಗ್ವಿಜ್ಞಾನ ಬಲ್ಲವರು ದಯವಿಟ್ಟು ಲೆಕ್ಕದ ಸಮೇತ ತಿಳಿಸಿ. ಮಕ್ಕಳಿಗೆ ಸುಮ್ನೆ ಅರೆಬರೆ ಕಾರಣ ಹೇಳಲು ಮನಸ್ಸಿಲ್ಲ.