ಸ್ವಿಫ್ಟ್ ವಿಎಕ್ಸ್‌ಐ: 14 ಇಂಚಿನಿಂದ 15ಕ್ಕೆ ಹೋದರೆ ಪಿಕಪ್, ಮೈಲೇಜ್ ಏನಾಗುತ್ತೆ?

ಶಿರಾಡಿ_ಸವಾರ
2018ರ ಸ್ವಿಫ್ಟ್ ವಿಎಕ್ಸ್‌ಐ, ಪೆಟ್ರೋಲ್. ಈಗಿರೋದು ಸ್ಟೀಲ್ ರಿಮ್, 165/80 ಆರ್14 ಟಯರ್. ನಾಲ್ಕೂ ಸವೆದಿವೆ. ಹೇಗೂ ಖರ್ಚು ಮಾಡ್ತಿದೀನಿ, 15 ಇಂಚಿನ ಅಲಾಯ್ ಹಾಕಿಸೋಣ ಅಂತಿದೀನಿ. ಅಂಗಡಿಯವರು "205/65 ಹಾಕಿ, ಗ್ರೌಂಡ್ ಕ್ಲಿಯರೆನ್ಸೂ ಸಿಗುತ್ತೆ" ಅಂತಾರೆ. ವಾರಕ್ಕೊಮ್ಮೆ ಘಾಟಿ ಹತ್ತಿ ಇಳಿಯೋ ಗಾಡಿ. ಹಾಕಿಸಬಹುದಾ?

ಹತ್ತೊಂಬತ್ತರ_ಪಾನಾ
205/65 ಬೇಡ. ಲೆಕ್ಕ ನೋಡಿ. 165/80ರಲ್ಲಿ 165 ಅಂದ್ರೆ ಟಯರಿನ ಅಗಲ (ಮಿ.ಮೀ.). ಅಗಲದ ಶೇ. 80 ಅಂದ್ರೆ ಟಯರಿನ ಪಕ್ಕದ ಎತ್ತರ, ಸೈಡ್‌ವಾಲ್ 132 ಮಿ.ಮೀ. ಅದರ ಎರಡರಷ್ಟಕ್ಕೆ ರಿಮ್ಮಿನ 14 ಇಂಚು, ಅಂದ್ರೆ 355.6 ಕೂಡಿಸಿದ್ರೆ ನಿಮ್ಮ ಈಗಿನ ಟಯರಿನ ಒಟ್ಟು ವ್ಯಾಸ 619.6 ಮಿ.ಮೀ. 205/65 ಆರ್15 ಅಂದ್ರೆ 647.5. ಶೇ. 4.5 ದೊಡ್ಡದು. ಕ್ಲಿಯರೆನ್ಸ್ ಸಿಗೋದು ವ್ಯಾಸದ ವ್ಯತ್ಯಾಸದಲ್ಲಿ ಅರ್ಧ, ಬರೀ 14 ಮಿ.ಮೀ. ಅದಕ್ಕೆ ಕೊಡೋ ಬೆಲೆ ಏನು ಗೊತ್ತಾ? ಎಲ್ಲಾ ಗೇರೂ ಅಷ್ಟೇ ಉದ್ದವಾದ ಹಾಗೆ, ಅಂದ್ರೆ ಎಳೆಯೋ ಬಲ ಅಷ್ಟು ಕಮ್ಮಿ. ಎರಡನೇ ಗೇರಲ್ಲಿ ಎಳೀತಿದ್ದ ಏರಿಗೆ ಒಂದಕ್ಕೆ ಇಳಿಸಬೇಕಾಗಬಹುದು, ಇಳಿಜಾರಲ್ಲಿ ಎಂಜಿನ್ ಬ್ರೇಕಿಂಗೂ (ಗೇರಲ್ಲೇ ಗಾಡಿ ತಡೆಹಿಡಿಯೋದು) ಸಡಿಲ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟಯರ್ ಚಕ್ರದ ಗೂಡಿನ ಒಳಗಿನ ಪ್ಲಾಸ್ಟಿಕ್ ಲೈನರ್‌ಗೆ ಉಜ್ಜೋ ಭಯ ಬೇರೆ.

185/65 ಆರ್15 ಹಾಕಿ. ವ್ಯಾಸ 621.5, ವ್ಯತ್ಯಾಸ 2 ಮಿ.ಮೀ. ಕೂಡ ಇಲ್ಲ. ಸ್ವಿಫ್ಟಿನ ಮೇಲಿನ ಮಾದರಿ ಝಡ್‌ಎಕ್ಸ್‌ಐಗೆ ಕಂಪನಿಯೇ ಕೊಟ್ಟ ಸೈಜು ಇದು.

ಮೀಟರ್_ಮೇಷ್ಟ್ರು
ಮೈಲೇಜ್ ಬಗ್ಗೆ ಒಂದು ಮಾತು. ದೊಡ್ಡ ಟಯರ್ ಹಾಕಿದ್ಮೇಲೆ "20 ಕೊಡ್ತಿದ್ದಿದ್ದು 19ಕ್ಕೆ ಬಿತ್ತು" ಅನ್ನೋರ ಗೋಳಿನಲ್ಲಿ ದೊಡ್ಡ ಪಾಲು ಓಡೋಮೀಟರಿನದು. ಶೇ. 4.5 ದೊಡ್ಡ ಟಯರಲ್ಲಿ ಗಾಡಿ 10,000 ಕಿ.ಮೀ. ಓಡಿದ್ರೆ ಮೀಟರ್ ತೋರ್ಸೋದು ಸುಮಾರು 9,570. ವೇಗ ಕೂಡ 100 ಅಂತ ಕಂಡಾಗ, ಮೊದಲು ಮೀಟರ್ ಸರಿಯಿತ್ತು ಅಂದ್ಕೊಂಡ್ರೆ, ನಿಜದಲ್ಲಿ 104.5.

ನಿಜವಾಗಿ ಪಿಕಪ್ ತಿನ್ನೋದು ತೂಕ, ಅದೂ ರಿಮ್ಮಿನ ಅಂಚಿನಲ್ಲಿರೋ ತೂಕ. ಅಲಾಯ್ ಅಂದ ಮಾತ್ರಕ್ಕೆ ಹಗುರ ಅಲ್ಲ. ಅಗ್ಗದ 15 ಇಂಚಿನ ಅಲಾಯ್ ನಿಮ್ಮ 14ರ ಸ್ಟೀಲ್ ರಿಮ್ಮಿಗಿಂತ ಭಾರ ಇರಬಹುದು. ತಕ್ಕಡಿ ಮೇಲಿಟ್ಟು ನೋಡದೆ ದುಡ್ಡು ಕೊಡಬೇಡಿ. ಇನ್ನು ಮಳೆಗಾಲದಲ್ಲಿ ಅಗಲ ಟಯರ್ ನೀರಿನ ಮೇಲೆ ಬೇಗ ತೇಲುತ್ತೆ. 205 ಬೇಡ ಅನ್ನೋಕೆ ಇದೂ ಒಂದು ಕಾರಣ.

ಹತ್ತೊಂಬತ್ತರ_ಪಾನಾ
ಅಲಾಯ್ ಆರಿಸುವಾಗ: 4 ನಟ್, ಪಿಸಿಡಿ (ನಟ್ ತೂತುಗಳ ನಡುಬಿಂದುಗಳ ಮೂಲಕ ಹೋಗೋ ವೃತ್ತದ ವ್ಯಾಸ) 100 ಮಿ.ಮೀ., ಅಗಲ 5.5 ಅಥವಾ 6 ಇಂಚು, ಆಫ್‌ಸೆಟ್ (ರಿಮ್ಮಿನ ಅಗಲದ ಮಧ್ಯದಿಂದ ಗಾಡಿಗೆ ಕೂರೋ ಮುಖ ಎಷ್ಟು ಸರಿದಿದೆ ಅನ್ನೋದು) ಕಂಪನಿ ರಿಮ್ಮಿನ ಹತ್ತಿರದ್ದೇ. ಸ್ವಿಫ್ಟಿನ ಹಬ್ (ರಿಮ್ಮಿನ ನಡುತೂತು ಕೂರೋ ಗಾಡಿಯ ಭಾಗ) 54.1 ಮಿ.ಮೀ., ಹೊರಗಿನ ಅಲಾಯ್‌ಗಳ ನಡುತೂತು ಹೆಚ್ಚಾಗಿ ಅದಕ್ಕಿಂತ ದೊಡ್ಡದು. ಆ ಸಂದಿಗೆ ಹಬ್ ರಿಂಗ್ ಹಾಕಿಸಿ. ಇಲ್ಲದಿದ್ರೆ ಎಷ್ಟು ಸಲ ಬ್ಯಾಲೆನ್ಸಿಂಗ್ ಮಾಡಿಸಿದ್ರೂ 80 ದಾಟಿದ ಮೇಲೆ ಸ್ಟೀರಿಂಗ್ ನಡುಗಬಹುದು. ನಟ್ಟನ್ನ ಏರ್ ಗನ್ನಲ್ಲಿ ಬಿಗಿದು ಕಳಿಸೋಕೆ ಬಿಡಬೇಡಿ. ಎದುರುಬದುರು ಕ್ರಮದಲ್ಲಿ ಟಾರ್ಕ್ ರೆಂಚಿಂದ (ಬಿಗಿತ ಅಳೆದು ಬಿಗಿಯೋ ಪಾನಾ) ಬಿಗಿಸಿ, 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ನೋಡಿ.

ಶಿರಾಡಿ_ಸವಾರ
185/65 ಅಂತ ತೀರ್ಮಾನ. ಸ್ಟೆಪ್ನಿ ಹಳೇ 14ರದ್ದೇ ಇಟ್ಕೊಳ್ಳಬಹುದಾ?

ಮೀಟರ್_ಮೇಷ್ಟ್ರು
ಇಟ್ಕೊಳ್ಳಿ. ವ್ಯಾಸ ಹೆಚ್ಚುಕಮ್ಮಿ ಒಂದೇ ಆಗಿರೋದ್ರಿಂದ ಪಂಕ್ಚರ್ ಅಂಗಡಿವರೆಗೆ ನಿಧಾನಕ್ಕೆ ಹೋಗೋಕೆ ತೊಂದರೆಯಿಲ್ಲ. ಹಳೇ ಸ್ಟೀಲ್ ರಿಮ್ಮಿನ ನಟ್ಟು ನಾಲ್ಕನ್ನೂ ಡಿಕ್ಕಿಯಲ್ಲೇ ಇಟ್ಟಿರಿ. ಕೆಲವು ಅಲಾಯ್ ನಟ್ಟು ಅದಕ್ಕೆ ಸರಿಯಾಗಿ ಕೂರಲ್ಲ.