92% ಬಾಯ್ಲರೋ, 97% ಬಾಯ್ಲರೋ: ಅನುಭವ ಇದ್ದವರು ಹೇಳಿ

ಪ್ರಶ್ನೆ: ಕಟ್ಟಡ ಬೆಚ್ಚಗಿಡುವ 500 ಕಿಲೋವ್ಯಾಟ್ ಗ್ಯಾಸ್ ಬಾಯ್ಲರ್ ಹಳೆಯದಾಗಿದೆ, ಬದಲಿಸಬೇಕು. ಎರಡು ಕೋಟೇಶನ್ ಬಂದಿವೆ, ಎರಡೂ ಕಂಡೆನ್ಸಿಂಗ್ (ಹೊಗೆಯಲ್ಲಿನ ನೀರಾವಿಯನ್ನು ನೀರಾಗಿಸಿ ಅದರ ಶಾಖವನ್ನೂ ಹಿಡಿಯುವಂಥವು). ಒಂದರಲ್ಲಿ ದಕ್ಷತೆ 92%, ಇನ್ನೊಂದರಲ್ಲಿ 97%. ಎರಡನೆಯದನ್ನೇ ತಗೊಳ್ಳೋದಾ?

ಉತ್ತರ 1: ಆ ಶೇಕಡಾ ಗ್ಯಾಸಿನ ಒಟ್ಟು ಶಾಖಮೌಲ್ಯದ (ಜಿಸಿವಿ) ಮೇಲಿನದೋ ನಿವ್ವಳ ಶಾಖಮೌಲ್ಯದ (ಎನ್‌ಸಿವಿ) ಮೇಲಿನದೋ ಎಂದು ಇಬ್ಬರಿಂದಲೂ ಬರಹದಲ್ಲಿ ಕೇಳಿ. ಗ್ಯಾಸ್ ಉರಿದಾಗ ಹುಟ್ಟುವ ನೀರಾವಿಯಲ್ಲಿರುವ ಶಾಖವನ್ನು ಎನ್‌ಸಿವಿ ಲೆಕ್ಕಕ್ಕೆ ಹಿಡಿಯುವುದಿಲ್ಲ, ಜಿಸಿವಿ ಹಿಡಿಯುತ್ತದೆ. ನೈಸರ್ಗಿಕ ಅನಿಲದಲ್ಲಿ ಎರಡರ ಅನುಪಾತ ಸುಮಾರು 1.11. ಅಂದರೆ ಎನ್‌ಸಿವಿ ಮೇಲಿನ 97% ಜಿಸಿವಿಗೆ ಇಳಿಸಿದರೆ ಬರೀ 87%. ನಿಮ್ಮ 92% ಜಿಸಿವಿಯದಾಗಿದ್ದರೆ ಅದೇ ಮೇಲು.

ಉತ್ತರ 2: ಅಷ್ಟು ಸಾಲದು. ಯಾವ ತಾಪಮಾನದಲ್ಲಿ ಅಳೆದದ್ದು ಅನ್ನೋದೂ ಬೇಕು. ಒಂದೇ ಬಾಯ್ಲರ್‌ಗೆ 80/60 ಡಿಗ್ರಿಯಲ್ಲಿ (ನೀರು 80ರಲ್ಲಿ ಹೊರಟು 60ರಲ್ಲಿ ವಾಪಸ್) ಒಂದು ಅಂಕಿ, 50/30ರಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚಿನ ಅಂಕಿ ಬರುತ್ತದೆ. ಫ್ಲೂ ಗ್ಯಾಸಿನ, ಅಂದರೆ ಚಿಮಣಿಗೆ ಹೋಗುವ ಹೊಗೆಯ, ಇಬ್ಬನಿ ಬಿಂದು (ನೀರಾವಿ ನೀರಾಗತೊಡಗುವ ತಾಪಮಾನ) ಸುಮಾರು 55 ಡಿಗ್ರಿ. ಬಾಯ್ಲರ್‌ಗೆ ಮರಳುವ ರಿಟರ್ನ್ ನೀರು ಅದಕ್ಕಿಂತ ತಣ್ಣಗಿದ್ದರೆ ಮಾತ್ರ ಕಂಡೆನ್ಸಿಂಗ್ ಆಗುತ್ತದೆ. ಹಳೇ ರೇಡಿಯೇಟರ್‌ಗಳಿಂದ ನೀರು 65ರಲ್ಲಿ ವಾಪಸ್ ಬರುತ್ತಿದ್ದರೆ ಕಂಡೆನ್ಸಿಂಗ್‌ಗೆ ಕೊಟ್ಟ ಹೆಚ್ಚಿನ ದುಡ್ಡು ವ್ಯರ್ಥ. ಮೂರು ಬಾಯಿಯ ವಾಲ್ವ್ ಇರುವ ಲೈನುಗಳಲ್ಲಿ ಬಿಸಿನೀರು ಬೈಪಾಸ್ ಆಗಿ ನೇರ ರಿಟರ್ನ್‌ಗೆ ಸೇರುತ್ತದೆ. ಅಲ್ಲಿ ಎರಡು ಬಾಯಿಯ ವಾಲ್ವ್, ವೇಗ ಬದಲಿಸುವ ಪಂಪ್, ಹೊರಗೆ ಚಳಿ ಕಡಿಮೆಯಾದಂತೆ ಸಪ್ಲೈ ನೀರಿನ ತಾಪಮಾನ ಇಳಿಸುವ ಕಂಟ್ರೋಲ್, ಈ ಮೂರನ್ನೂ ಬಾಯ್ಲರ್ ಜೊತೆಗೇ ಬದಲಿಸಿ. ನನ್ನ ಪ್ರಕಾರ ಬ್ರ್ಯಾಂಡ್‌ಗಿಂತ ಮುಖ್ಯ ಇದು.

ಉತ್ತರ 3: ಕಾನೂನಿನ ಅಂಕಿಗಳೂ ಒಂದೇ ಅಳತೆಯವಲ್ಲ. ಅಮೆರಿಕದಲ್ಲಿ 2023ರ ಜನವರಿಯಿಂದ ಸುಮಾರು 88ರಿಂದ 733 ಕಿಲೋವ್ಯಾಟ್ ಇನ್‌ಪುಟ್‌ನ ಗ್ಯಾಸ್ ಬಿಸಿನೀರಿನ ಬಾಯ್ಲರ್‌ಗೆ ಕನಿಷ್ಠ 84% ಥರ್ಮಲ್ ದಕ್ಷತೆ (ನೀರಿಗೆ ಸೇರುವ ಶಾಖದ ಪಾಲು) ಎಂಬ ನಿಯಮ ಬಂದಿತ್ತು. ಅದಕ್ಕೂ ದೊಡ್ಡವಕ್ಕೆ, ಸುಮಾರು 2,930 ಕಿಲೋವ್ಯಾಟ್‌ವರೆಗೆ, 85% ಕಂಬಶ್ಚನ್ ದಕ್ಷತೆ. ಆ ನಿಯಮವನ್ನು ಅದೇ ವರ್ಷ ಕೋರ್ಟ್ ರದ್ದು ಮಾಡಿತು. ಕಂಬಶ್ಚನ್ ದಕ್ಷತೆ ಚಿಮಣಿಯಲ್ಲಿ ಹೋಗುವ ನಷ್ಟ ಮಾತ್ರ ಕಳೆಯುತ್ತದೆ, ಮೈಯಿಂದ ಸೋರುವ ಶಾಖ ಕಳೆಯುವುದಿಲ್ಲ. ಯುರೋಪಿನಲ್ಲಿ 2015ರಿಂದ 70–400 ಕಿಲೋವ್ಯಾಟ್‌ನವಕ್ಕೆ ಪೂರ್ಣ ಲೋಡ್‌ನಲ್ಲಿ 86%, 30% ಲೋಡ್‌ನಲ್ಲಿ 94%, ಎರಡೂ ಜಿಸಿವಿ. ಬಾಯ್ಲರ್ ವರ್ಷದ ಬಹುಪಾಲು ಅರೆಲೋಡ್‌ನಲ್ಲೇ ಓಡುವುದರಿಂದ ಕೋಟೇಶನ್‌ಗಳಲ್ಲಿ 30% ಲೋಡ್‌ನ ಸಾಲನ್ನೇ ಹೋಲಿಸಿ ನೋಡಿ.

ಉತ್ತರ 4: ಹಳೇ ಬಾಯ್ಲರ್ 500 ಇತ್ತು ಎಂದು ಹೊಸದೂ 500 ತರಬೇಡಿ, ಮೊದಲು ಹೀಟ್ ಲೋಡ್ (ಕಟ್ಟಡಕ್ಕೆ ಬೇಕಾದ ಶಾಖ) ಲೆಕ್ಕ ಹಾಕಿಸಿ. ದೊಡ್ಡದಾದರೆ ಬರ್ನರ್ ಪದೇ ಪದೇ ಹತ್ತಿ ಆರುತ್ತದೆ. ಪ್ರತಿ ಸಲವೂ ಉಳಿದ ಗ್ಯಾಸ್ ಹೊರತಳ್ಳುವ ಪರ್ಜ್ ಗಾಳಿ ಬಾಯ್ಲರ್‌ನ ಶಾಖ ಹೊತ್ತು ಹೊರಹೋಗುತ್ತದೆ. ಒಂದು ದೊಡ್ಡದರ ಬದಲು ಎರಡು ಚಿಕ್ಕವು ವಾಸಿ.

ಬಾಯ್ಲರ್ ಮೊದಲು ಚಾಲೂ ಮಾಡುವ ಕಮಿಷನಿಂಗ್ ದಿನ ಫ್ಲೂ ಗ್ಯಾಸ್ ಅನಲೈಜರ್ ರೀಡಿಂಗ್ ಅನ್ನು ಲೋ ಫೈರ್ (ಕನಿಷ್ಠ ಉರಿ), ಹೈ ಫೈರ್ (ಗರಿಷ್ಠ ಉರಿ) ಎರಡರಲ್ಲೂ ಪ್ರಿಂಟ್ ತಗೊಳ್ಳಿ. ಆಮ್ಲಜನಕ 3% ಇದ್ದರೆ ಹೆಚ್ಚುವರಿ ಗಾಳಿ (ಉರಿಯಲು ಬೇಕಾದ್ದಕ್ಕಿಂತ ಹೆಚ್ಚು ಹೋದದ್ದು) ಸುಮಾರು 17%. ಅದೇ 7% ತೋರಿಸಿದರೆ ಹೆಚ್ಚುವರಿ ಗಾಳಿ 50% ಆಯಿತು. ಇಬ್ಬನಿ ಬಿಂದುವೂ ಇಳಿದು ಕಂಡೆನ್ಸಿಂಗ್ ಇನ್ನಷ್ಟು ಕಷ್ಟ. ಹಾಗೆಂದು ಗಾಳಿಯನ್ನು ತೀರಾ ಕಡಿಮೆ ಮಾಡಿದರೆ ಕಾರ್ಬನ್ ಮೊನಾಕ್ಸೈಡ್ ಏರುತ್ತದೆ. ಅದು ಪ್ರಾಣಕ್ಕೇ ಅಪಾಯ, ಆದ್ದರಿಂದ ಆ ರೀಡಿಂಗನ್ನೂ ಜೊತೆಗೇ ನೋಡಿ.

ಉತ್ತರ 2 (ಮತ್ತೆ): ಬಿಟ್ಟುಹೋದ ಮಾತು: ಕಂಡೆನ್ಸೇಟ್ (ಹೊಗೆಯ ನೀರಾವಿ ತಣಿದು ಆದ ನೀರು) ಆಮ್ಲೀಯ. ಹಳೇ ಇಟ್ಟಿಗೆ ಚಿಮಣಿಗೆ ಜೋಡಿಸಬೇಡಿ, ತಯಾರಕರು ಒಪ್ಪಿದ ಸ್ಟೇನ್‌ಲೆಸ್ ಅಥವಾ ಪ್ಲಾಸ್ಟಿಕ್ ಫ್ಲೂ ಹಾಕಿಸಿ. ಡ್ರೈನ್‌ಗೆ ಮುನ್ನ ಸುಣ್ಣಕಲ್ಲಿನ ಚೂರು ತುಂಬಿದ ನ್ಯೂಟ್ರಲೈಜರ್ ಇರಲಿ. ಚೂರು ಕರಗುತ್ತಾ ಹೋಗುವುದರಿಂದ ವರ್ಷಕ್ಕೊಮ್ಮೆ ತೆರೆದು ನೋಡಿ ತುಂಬಿಸಬೇಕು.